ಕಂಬ ಕೀಳುವ ಮುಂಚೆ ಕ್ಯಾಮೆರಾ ಇಡಿ ಸ್ವಾಮಿ!

ಬೆಳಿಗ್ಗೆ ಏಳು ಗಂಟೆ. ಸಿಂಧನೂರು ಬಸ್ ನಿಲ್ದಾಣ. ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ ಫೋನು. ಆ ಕಡೆಯಿಂದ ಬೆಂಗಳೂರಿನ ಗೆಳೆಯನ ದನಿ. ಆತ ಒಂದು ಚಿತ್ರಕ್ಕೆ ಸಹಾಯಕ ನಿರ್ದೇಶಕ.

"ಗುರೂ, ಅರ್ಜೆಂಟಾಗಿ ಲೊಕೇಶನ್ ಬೇಕು. ಹಳೇ ಊರು, ಕೋಟೆ, ಕಟ್ಟಿಗೆ ಕಂಬದ ದೊಡ್ಡ ಮನೆ. ಫೋಟೋ ಕಳಿಸು. ಸಾಹೇಬ್ರಿಗೆ ಹಿಡಿಸಿದ್ರೆ ಯೂನಿಟ್ ಅಲ್ಲಿಗೇ ಬರುತ್ತೆ!"

ಅಬ್ಬಾ! ಪಿಯುಸಿ ಅರ್ಧಕ್ಕೆ ಬಿಟ್ಟು, ಪತ್ರಿಕೆಗಳಿಗೆ ಬರೆಯುತ್ತಾ ಬಸ್ ಚಾರ್ಜಿಗೆ ಪರದಾಡುವ ನನ್ನಂಥವನ ಸೀಮೆಗೆ ಯೂನಿಟ್ ಬರುವುದೆಂದರೆ ಸುಮ್ಮನೇ ಮಾತೇ? ಚಾ ಅರ್ಧಕ್ಕೇ ಬಿಟ್ಟು ಲಿಂಗಸುಗೂರು ಬಸ್ಸು ಹತ್ತಿದೆ.

ಸಿಂಧನೂರಿನಲ್ಲೇ ಯಾಕೆ ಹುಡುಕಲಿಲ್ಲ ಅಂತೀರಾ? ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಬಂತು. ನೀರಿನ ಹಿಂದೆ ಭತ್ತ, ಭತ್ತದ ಹಿಂದೆ ದುಡ್ಡು. ದುಡ್ಡು ಬಂದ ಮೇಲೆ ಮಣ್ಣಿನ ಮಾಳಿಗೆ ಯಾರಿಗೆ ಬೇಕು? ಹಳೇ ಮನೆಗಳು ಒಂದೊಂದೇ ನೆಲಕ್ಕಿಳಿದವು, ಸ್ಲ್ಯಾಬ್ ಮೇಲೇರಿತು. ತಪ್ಪು ಅನ್ನುವುದಕ್ಕೆ ನನಗೆ ಬಾಯಿಲ್ಲ. ಸೋರದ ಸೂರು ಎಲ್ಲರಿಗೂ ಬೇಕು.

ಕಥೆ ರೆಡಿ, ನಾಯಕಿ ರೆಡಿ!

ಮಸ್ಕಿ ದಾಟಿ, ನಿಜಾಮರ ಕಾಲದ ಛಾವಣಿ ಊರು ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಇಳಿದದ್ದು ಮುದಗಲ್ಲಿನಲ್ಲಿ. ಕಂದಕ, ಬುರುಜು, ಕೋಟೆ ಬಾಗಿಲು. ಓಣಿ ಓಣಿಯಲ್ಲೂ ಚರಿತ್ರೆ! ಹಿಂದೂ ಮುಸ್ಲಿಮರು ಕೂಡಿ ಮಾಡುವ ಇಲ್ಲಿನ ಮೊಹರಂ ನೋಡಲು ದೂರದೂರದ ಜನ ಬರುತ್ತಾರೆ.

ಇನ್ನು ಕಥೆ? ಇತಿಹಾಸಕಾರ ಫಿರಿಷ್ತಾ ಬರೆದಿಟ್ಟಿದ್ದಾನೆ, ಕೇಳಿ. 1406ರ ಸುಮಾರು. ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮಗಳು ಅಪರೂಪದ ಚೆಲುವೆ, ಸಂಗೀತದಲ್ಲೂ ನಿಪುಣೆ. ಸುದ್ದಿ ವಿಜಯನಗರದ ಒಂದನೇ ದೇವರಾಯನ ಕಿವಿಗೆ ಬಿತ್ತು. ರಾಯ ಒಡವೆ ಕಳಿಸಿದ. ಹುಡುಗಿ "ಒಲ್ಲೆ" ಅಂದಳು! ಅಂತಃಪುರ ಸೇರಿದರೆ ಹೆತ್ತವರ ಮುಖ ಕಾಣಲಾಗದು ಅನ್ನುವುದು ಅವಳ ಭಯ. ರಾಯ ದಂಡು ಕಳಿಸಿದ. ಅಷ್ಟರಲ್ಲಿ ಮನೆಮಂದಿಯೆಲ್ಲ ಓಡಿಹೋಗಿದ್ದರು. ಅದೇ ನೆಪದಲ್ಲಿ ಬಹಮನಿಯ ಫಿರೋಜ್ ಷಾ ಯುದ್ಧಕ್ಕೆ ಬಂದ. ಕೊನೆಗೆ ಹುಡುಗಿ ಫಿರೋಜನ ಮಗನ ಕೈ ಹಿಡಿದಳಂತೆ. ರಾಜನಿಗೇ "ಒಲ್ಲೆ" ಎಂದ ಹುಡುಗಿ! ಯಾವ ನಾಯಕಿಗೆ ಕಡಿಮೆ ಹೇಳಿ?

ಚಿತ್ರದುರ್ಗದ ಕೋಟೆ ನೂರಾರು ವರ್ಷದಿಂದ ಅಲ್ಲೇ ಇತ್ತು. 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದರು. ವಿಷ್ಣುವರ್ಧನ್ ರಾಮಾಚಾರಿಯಾಗಿ ಆ ಬಂಡೆಗಳ ನಡುವೆ ನಿಂತರು, ಜಯಂತಿ ಓಬವ್ವನಾಗಿ ಒನಕೆ ಎತ್ತಿದರು. ಇವತ್ತಿಗೂ ಅಭಿಮಾನಿಗಳು ದುರ್ಗಕ್ಕೆ ಹೋಗಿ "ಇಲ್ಲೇ ನೋಡೋ, ಇಲ್ಲೇ!" ಅನ್ನುತ್ತಾರೆ. ಆಗುಂಬೆಯ ದೊಡ್ಡಮನೆಗೂ ಅದೇ ಭಾಗ್ಯ. 1980ರ ದಶಕದಲ್ಲಿ ಶಂಕರ್‌ನಾಗ್ ಆ ಕಟ್ಟಿಗೆ ಕಂಬದ ಮನೆಯಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದರು. ಜನ ಈಗಲೂ ಆ ಜಗಲಿ ಹುಡುಕಿಕೊಂಡು ಹೋಗುತ್ತಾರೆ.

ಕೋಟೆಯ ಫೋಟೋ ತೆಗೆದೆ. ಇನ್ನು ಬೇಕಾದ್ದು ಮನೆ. ಅದಕ್ಕೆ ನಾನು ಹುಡುಕಬೇಕಾಗಿರಲಿಲ್ಲ. ಮಸ್ಕಿಯಲ್ಲಿ ನಮ್ಮ ಹಿರೀಕರ ಮನೆಯೇ ಇದೆಯಲ್ಲ!

ಜರ್ಮನಿಯಲ್ಲೂ ಮಣ್ಣೇ!

ಹಿಂತಿರುಗುವ ಬಸ್ಸಿನಲ್ಲಿ ನೆನಪಾದದ್ದು 1968ರ ಇಂಗ್ಲಿಷ್ ಚಿತ್ರ 'ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್'. ಅದರಲ್ಲಿ ಗೊಂಬೆಮನೆಗಳಂಥ ಒಂದು ಊರು ಬರುತ್ತದೆ. ಸೆಟ್ ಇರಬೇಕು ಅಂದುಕೊಂಡಿದ್ದೆ. ಅಲ್ಲ! ಅದು ಜರ್ಮನಿಯ ರೋಥನ್‌ಬುರ್ಗ್ ಎಂಬ ನಿಜವಾದ ಊರು. ಅಲ್ಲಿನ ಹಳೇ ಮನೆಗಳಲ್ಲಿ ಭಾರ ಹೊರುವುದು ಕಟ್ಟಿಗೆಯ ಕಂಬ, ತೊಲೆ. ನಡುವಿನ ಸಂದಿಗೆ ತುಂಬುವುದು ಹುಲ್ಲು ಕಲಸಿದ ಮಣ್ಣು. ಮೇಲೆ ಸುಣ್ಣ ಬಣ್ಣ. ನಮ್ಮ ಮಾಳಿಗೆ ಮನೆಗೆ ದೂರದ ದಾಯಾದಿ ಅನ್ನಿ!

ಯುದ್ಧದ ಕೊನೆಯಲ್ಲಿ, 1945ರ ಮಾರ್ಚ್ 31ರಂದು, ಆ ಊರಿನ ಮೇಲೆ ಬಾಂಬ್ ಬಿತ್ತು. ಸುಮಾರು ನೂರಕ್ಕೆ ನಲವತ್ತು ಪಾಲು ಸುಟ್ಟು ಹೋಯಿತು. ಊರವರು ಹಳೇ ರೂಪದಲ್ಲೇ ಮತ್ತೆ ಕಟ್ಟಿದರು. ಬೇರೆ ದೇಶದವರೂ ದುಡ್ಡು ಕೊಟ್ಟರು. ಕೋಟೆ ಗೋಡೆಯುದ್ದಕ್ಕೂ ದಾನಿಗಳ ಹೆಸರು ಕೆತ್ತಿಸಿದ್ದಾರೆ. ಇವತ್ತು ಆ ಊರಿನ ಅನ್ನ ನಡೆಯುವುದೇ ನೋಡಲು ಬರುವ ಜನರಿಂದ.

ಲೈಟ್‌ಬಾಯ್ ಬೇಡದ ಮನೆ

ಸಂಜೆ ಮಸ್ಕಿಯಲ್ಲಿ ಇಳಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿನ ಬೆಟ್ಟದಲ್ಲಿ ಒಂದು ಶಾಸನ ಕಂಡ. ಅದಕ್ಕೆ ಮುಂಚೆ ಸಿಕ್ಕಿದ್ದ ಶಾಸನಗಳಲ್ಲಿ ಬರೀ ಬಿರುದು ಇತ್ತು. 'ಅಶೋಕ' ಎಂಬ ಹೆಸರು ಕಲ್ಲಿನ ಮೇಲೆ ಕಂಡದ್ದು ಇಲ್ಲಿ! ಅಷ್ಟು ವರ್ಷ ಅದು ಅಲ್ಲೇ ಇತ್ತು. ಹೋಗಿ ನೋಡಿದವರು ಬೇಕಿತ್ತು, ಅಷ್ಟೇ.

ನಮ್ಮ ಮನೆ ಆರಂಕಣದ್ದು. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಕಂಬದ ತಲೆಗೆ ಕೆತ್ತನೆಯ ಬೋದಿಗೆ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಜಂತಿ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಆಮೇಲೆ ಗೇಣು ದಪ್ಪ ಮಣ್ಣು. ಹೊರಗೆ ನೆತ್ತಿ ಸುಡುವ ರಾಯಚೂರು ಬಿಸಿಲು, ಒಳಗೆ ತಂಪೋ ತಂಪು. ಬೆಳಕಿಂಡಿಯಿಂದ ಪಡಸಾಲೆಗೆ ಇಳಿಯುವ ಬಿಸಿಲುಕೋಲು ನೋಡಿದರೆ ಯಾವ ಛಾಯಾಗ್ರಾಹಕನೂ ಮರುಳಾಗಬೇಕು!

ಕಾಕಾ ಕಟ್ಟೆ ಮೇಲೆ ಕೂತಿದ್ದ.

"ಬಾರಪಾ, ಚಲೋ ಟೈಮಿಗಿ ಬಂದಿ. ನಾಡಿದ್ದ ಕಂಬ ಕೀಳಾಕ ಬರ್ತಾರ."

ಎದೆ ಧಸಕ್ಕೆಂದಿತು. "ಯಾಕ ಕಾಕಾ?"

"ಯಾಕಂದ್ರ? ವರ್ಷಾ ಮ್ಯಾಲ ಸವಳ ಮಣ್ಣ ಹಾಕಬೇಕು. ಹಾಕಾಕ ಆಳ ಸಿಗಂಗಿಲ್ಲ. ಮಳಿ ಬಂದ್ರ ಹತ್ತ ಕಡೆ ಬೋಗಾಣಿ ಇಡ್ತೀನಿ. ನಿನ್ನ ತಮ್ಮಗ ಹೆಣ್ಣ ನೋಡಾಕತ್ತೀವಿ. ಬಂದವ್ರೆಲ್ಲಾ ಮೊದಲ ಮ್ಯಾಲ ನೋಡ್ತಾರ, ಆಮ್ಯಾಲ ಹುಡುಗನ್ನ! ಕಟ್ಟಿಗಿ ವ್ಯಾಪಾರಿ ಒಳ್ಳೆ ರೇಟ್ ಹೇಳ್ಯಾನ."

ಯೂನಿಟ್ಟಿನ ಸುದ್ದಿ ಹೇಳಿದೆ. ಕಾಕಾ ನಕ್ಕ. "ಬರ್ಲಿ ನೋಡೂಣು" ಅಂದ. ಫೋಟೋಗಳನ್ನು ಕಳಿಸಿದೆ. ರಾತ್ರಿ ಒಂಬತ್ತಕ್ಕೆ ಉತ್ತರ ಬಂತು.

"ಗುರೂ, ಸೂಪರ್ ಫೋಟೋ! ಆದ್ರೆ ಅಷ್ಟು ದೂರ ಯೂನಿಟ್ ಕರಕೊಂಡು ಬರೋಕೆ ಬಜೆಟ್ ಇಲ್ವಂತೆ. ಇಲ್ಲೇ ಸೆಟ್ ಹಾಕ್ತಾರೆ. ನಿಮ್ಮ ಕಂಬ ನೋಡಿ ಹಂಗೇ ಮಾಡಿಸ್ತಾರಂತೆ, ಪ್ಲೈವುಡ್‌ನಲ್ಲಿ!"

ನಗಬೇಕೋ ಅಳಬೇಕೋ? ಕಾಕಾನ ಮುಂದೆ ಸುಳ್ಳು ಹೇಳಲಾಗಲಿಲ್ಲ.

"ಕಾಕಾ, ಸಿನಿಮಾದವ್ರು ಬರಂಗಿಲ್ಲ. ಆದ್ರೂ ಇದನ್ನ ಉಳಸು. ನಾ ಇದರ ಬಗ್ಗೆ ಬರೀತೀನಿ."

"ನೀ ಬರದ ಹಾಳೀನ ಮಾಳಗಿ ಮ್ಯಾಲ ಹೊದಿಸ್ಲೇನು? ಸೋರಂಗಿಲ್ಲೇನದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕೇಳಿದೆ: "ಮಣ್ಣ ನಾನೇ ಹೊತ್ತ ಹಾಕಿದ್ರ?"

ಕಾಕಾ ಬಹಳ ಹೊತ್ತು ಕಂಬಕ್ಕೆ ಒರಗಿ ಕೂತ. ಆಮೇಲೆ ಅಂದ: "ಹಿಂದಿನ ಎರಡ ಅಂಕಣ ಕೆಡವಿ ಸ್ಲ್ಯಾಬ್ ಹಾಕ್ತೀನಿ. ಅದು ಬೇಕಾ ಬೇಕು. ಪಡಸಾಲಿ ಈ ಮಳಿಗಾಲ ಇರ್ಲಿ. ಸೋರಿದ್ರ ಮಾತ್ರ ನಿನ್ನ ಮಾತ ಕೇಳಂಗಿಲ್ಲ."

ಮುಂದಿನ ಭಾನುವಾರ ಐದು ಜನ ಗೆಳೆಯರು ಬಂದರು. ಎಲ್ಲರೂ ಪಕ್ಕಾ ಅಭಿಮಾನಿಗಳು. ಬಿಡುಗಡೆ ದಿನ ಕಟೌಟ್ ಹತ್ತಿ ಹಾರ ಹಾಕುವವರು! ಅವತ್ತು ಏಣಿ ಹತ್ತಿ ಸವಳು ಮಣ್ಣು ಹಾಕಿದರು. ಬುಟ್ಟಿ ಹೊತ್ತು ಹೊತ್ತು ನನ್ನ ಕತ್ತು ಮೂರು ದಿನ ತಿರುಗಲಿಲ್ಲ.

ಓದುಗ ಮಿತ್ರರೇ, ನಿಮ್ಮ ಊರಿನಲ್ಲೂ ಇಂಥದೊಂದು ಮನೆ ಇದ್ದೀತು. ನಿಮ್ಮ ಜೇಬಿನಲ್ಲೇ ಕ್ಯಾಮೆರಾ ಇದೆ. ಯೂನಿಟ್ ಬರುವ ತನಕ ಕಾಯಬೇಡಿ. ಹೋಗಿ ಒಂದು ಷಾಟ್ ತೆಗೆಯಿರಿ. ಹೋಗುವಾಗ ಒಂದು ಬುಟ್ಟಿ ಮಣ್ಣೂ ಒಯ್ಯಿರಿ.

ನಮ್ಮ ಪಡಸಾಲೆ ಇನ್ನೂ ನಿಂತಿದೆ. ಮೊದಲ ಮಳೆ ಬಂದು ಹೋಯಿತು. ಬೋಗಾಣಿ ಇಟ್ಟದ್ದು ಒಂದೇ ಕಡೆ!