ಕಣದ ಫೋಟೋದಲ್ಲಿ ಯಾರ ಕೈ?

ಬೀಜ, ಗೊಬ್ಬರ, ಕೀಟಬಾಧೆ, ಪೇಟೆಯ ಧಾರಣಿ ಇವುಗಳ ವಿಷಯ ಈ ಪುಟದಲ್ಲಿ ಪ್ರತಿವಾರ ಬರುತ್ತಲೇ ಇರುತ್ತದೆ. ಈ ವಾರ ಒಂದು ಫೋಟೋ ನೋಡೋಣ. ಹೊಲದ ಮಣ್ಣನ್ನು ಕೈಯಲ್ಲಿ ಹಿಡಿದು ಹದ ನೋಡುವ ಹಾಗೆ ಫೋಟೋವನ್ನೂ ಹದ ನೋಡಬಹುದು. ಇದಕ್ಕೆ ಶಾಲೆಯ ಕಲಿಕೆ ಬೇಕಿಲ್ಲ. ಕಣ ಮಾಡಿದ ಅನುಭವ ಇದ್ದರೆ ಸಾಕು.

ಫೋಟೋ ನರೇಗಲ್ಲಿನ ನಮ್ಮ ಮನೆಯ ಪಡಸಾಲೆಯ ಗೋಡೆಯದು. ಕಪ್ಪು-ಬಿಳುಪು. ನಡುವೆ ನಮ್ಮಪ್ಪ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು ರಾಶಿ ತೂರುತ್ತಿದ್ದಾನೆ. ಕೆಳಗೆ ಕಾಳಿನ ಗುಂಪಿ. ಬಲಕ್ಕೆ ಎರಡು ಎತ್ತು, ಹಿಂದೆ ಬಣವಿ. ಎಡ ಅಂಚಿನಲ್ಲಿ ಒಂದು ಬುಟ್ಟಿ, ಬುಟ್ಟಿಯನ್ನು ಮೇಲೆತ್ತಿ ಹಿಡಿದ ಒಂದು ಕೈ. ಕೈ ಮಾತ್ರ. ಅದರ ಮನುಷ್ಯರು ಪಟದಲ್ಲಿಲ್ಲ. ಹಿಂಬದಿಗೆ ಅಪ್ಪನ ಅಕ್ಷರದಲ್ಲಿ ಎರಡು ಎತ್ತಿನ ಹೆಸರು ಇವೆ. ಇಸವಿ ಇಲ್ಲ.

ಹೋದ ಸುಗ್ಗಿಯಲ್ಲಿ ಗೋಡೆಗೆ ಸುಣ್ಣ ಬಳಿಸುವಾಗ ಪಟ ಕೆಳಗಿಳಿಯಿತು. ನನ್ನ ತಮ್ಮನ ಮಗ ಅದನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡ. ಮರುದಿನ ನಾನು ಪಟವನ್ನೇ ಚೀಲದಲ್ಲಿಟ್ಟುಕೊಂಡು ವಾಚನಾಲಯಕ್ಕೆ ಒಯ್ದೆ. ದಿನಪತ್ರಿಕೆಗೆ ಕಾಯುತ್ತ ಕುಳಿತಿದ್ದ ಏಳೆಂಟು ಮಂದಿ ಹಿರಿಯರು ಅದನ್ನು ಕೈಯಿಂದ ಕೈಗೆ ದಾಟಿಸಿದರು. ಅವರು ಹಿಡಿದ ತಪ್ಪುಗಳನ್ನು ಐವತ್ತು ವರ್ಷ ಅದೇ ಗೋಡೆಯ ಕೆಳಗೆ ಉಂಡ ನಾನು ಒಂದು ದಿನವೂ ಕಂಡಿರಲಿಲ್ಲ.

ಗಾಳಿಗೆ ಎದುರಾಗಿ ತೂರುವುದುಂಟೆ?

ಮೊದಲನೆಯ ಮಾತು ಬಂದದ್ದು ಹೀಗೆ: “ಅಲ್ಲಪಾ, ನಿಮ್ಮಪ್ಪ ಭಾಳ ಶಾಣ್ಯಾ ಒಕ್ಕಲಿಗ. ಗಾಳಿಗಿ ಎದುರ ನಿಂತು ಯಾಕ ತೂರಾಕ ಹತ್ಯಾನ?”

ನೋಡಿದರೆ ನಿಜ. ಹೊಟ್ಟು ಅಪ್ಪನ ಎದೆಯ ಮೇಲೆ, ಧೋತರದ ಮೇಲೆ ಹಾರಿ ಅವನ ಹಿಂದಕ್ಕೆ ಹೋಗಿದೆ. ಗಾಳಿ ಫೋಟೋ ತೆಗೆಯುವವನ ಕಡೆಯಿಂದ ಬೀಸುತ್ತಿದೆ. ತೂರುವವನು ಗಾಳಿಗೆ ಪಕ್ಕೆ ಕೊಟ್ಟು ನಿಲ್ಲುವುದು ನಿಮಗೆಲ್ಲ ಗೊತ್ತು. ಎದುರು ನಿಂತರೆ ಹೊಟ್ಟು ಬಾಯಿ ಮೂಗಿಗೆ ಬರುತ್ತದೆ. ಅಂದರೆ ಅಪ್ಪ ಫೋಟೋ ಸಲುವಾಗಿ ಇತ್ತ ಮುಖ ತಿರುಗಿಸಿ ನಿಂತಿದ್ದಾನೆ. ತೆಗೆಯುವವರು “ಇಲ್ಲಿ ನೋಡ್ರಿ” ಅಂದಿರಬೇಕು. ನಾವು ಇಷ್ಟು ವರ್ಷ “ಅಪ್ಪ ರಾಶಿ ಮಾಡುವ ಫೋಟೋ” ಎಂದು ಹೇಳುತ್ತಿದ್ದುದು ಅಪ್ಪ ರಾಶಿ ಮಾಡುವುದನ್ನು ನಿಲ್ಲಿಸಿದ ಗಳಿಗೆಯ ಫೋಟೋ.

ಎರಡನೆಯದು ನೆರಳು. ಪಟದ ಕೆಳ ಅಂಚಿನಲ್ಲಿ ಒಂದು ಕಪ್ಪು ತಲೆ, ಎರಡು ಕಡೆ ಚಾಚಿದ ಮೊಣಕೈ ಕಾಣುತ್ತವೆ. ಅದು ಫೋಟೋ ತೆಗೆದವರ ಸ್ವಂತ ನೆರಳು. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ತೆಗೆಯಬೇಕು ಎಂಬುದು ಆಗಿನ ಕಾಲದ ಡಬ್ಬಿ ಕ್ಯಾಮರಾಗಳ ಮೊದಲ ಪಾಠ. ಪಾಠ ಪಾಲಿಸಿದರು, ನೆರಳು ಮರೆತರು. ಅದೇ ಕಾರಣಕ್ಕೆ ಅಪ್ಪನ ಕಣ್ಣಿಗೆ ಬಿಸಿಲು ಹೊಡೆದು ಅವನು ಕಣ್ಣು ಕಿರಿದು ಮಾಡಿದ್ದಾನೆ. “ನಮ್ಮಪ್ಪ ಸಿಟ್ಟಿನ ಮನುಷ್ಯ, ಫೋಟೋದಲ್ಲೂ ನೋಡ್ರಿ” ಎಂದು ನನ್ನ ತಂಗಿ ಬಂದವರಿಗೆಲ್ಲ ತೋರಿಸುತ್ತಿದ್ದಳು. ಸಿಟ್ಟಲ್ಲ, ಬಿಸಿಲು.

ಈಗ ಹೊತ್ತು ಕಂಡುಹಿಡಿಯೋಣ. ಮಣೆಯ ಮೇಲಿನ ಆಳಿನ ನೆರಳು ಆಳೆತ್ತರಕ್ಕಿಂತ ಉದ್ದವಿದೆ. ನೆರಳು ಎತ್ತರದಷ್ಟೇ ಇದ್ದರೆ ಸೂರ್ಯ 45 ಅಂಶ ಮೇಲಿದ್ದಾನೆ ಎಂದರ್ಥ. ನಮ್ಮ ಸೀಮೆಯಲ್ಲಿ ಫೆಬ್ರುವರಿ ನಡುವೆ ಅದು ಮುಂಜಾನೆ ಹತ್ತೂ ಕಾಲರ ಸುಮಾರಿಗೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ ಆಗುತ್ತದೆ. ಹಾಗಾದರೆ ಇದು ಹತ್ತಕ್ಕೆ ಮೊದಲೋ, ಮೂರರ ಮೇಲೋ? ಹೊಟ್ಟನ್ನೇ ಕೇಳಿರಿ. ಸುಗ್ಗಿಯಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಮೂಡಗಾಳಿ. ಹೊಟ್ಟು ಪಡುವಣಕ್ಕೆ ಹಾರುತ್ತದೆ. ಪಟದಲ್ಲಿ ಹೊಟ್ಟು ಹಾರಿದ ಕಡೆಗೇ ನೆರಳೂ ಬಿದ್ದಿದೆ. ನೆರಳು ಪಡುವಣಕ್ಕೆ ಬೀಳುವುದು ಮುಂಜಾನೆ. ಗಡಿಯಾರವಿಲ್ಲದ ಫೋಟೋದಲ್ಲಿ ಗಾಳಿಯೇ ಗಡಿಯಾರವಾಯಿತು. ವಾಚನಾಲಯದಲ್ಲಿ ಈ ಲೆಕ್ಕ ಹಾಕಿದವರು ಎರಡನೆಯ ಇಯತ್ತೆ ದಾಟಿದವರಲ್ಲ.

ಇಸವಿಗೆ ಎತ್ತುಗಳೇ ಆಧಾರ. ಆ ಜೋಡಿಯನ್ನು 1972ರ ಬರದಲ್ಲಿ ಮೇವಿಲ್ಲದೆ ಮಾರಿದ್ದು ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಆದ್ದರಿಂದ ಫೋಟೋ ಅದಕ್ಕೆ ಹಿಂದಿನದು. ನಾನಾಗ ಇನ್ನೂ ತೊಡೆಯ ಮೇಲಿನ ಕೂಸು. ಆಗ ನಮ್ಮದು ಧಾರವಾಡ ಜಿಲ್ಲೆ. ಗದಗ ಜಿಲ್ಲೆ ಆದದ್ದು 1997ರಲ್ಲಿ.

ಚೌಕ ಫಿಲ್ಮು, ಉದ್ದನೆಯ ಪಟ

ಫೋಟೋ ತೆಗೆದವರು ಹುಬ್ಬಳ್ಳಿಯಲ್ಲಿ ಕಲಿಯುತ್ತಿದ್ದ ನಮ್ಮ ಸೋದರಮಾವ. ಅವರ ಕ್ಯಾಮರಾ ಅಗ್ಫಾ ಕ್ಲಿಕ್-3. ಬಡೋದೆಯಲ್ಲಿ ತಯಾರಾಗುತ್ತಿದ್ದ ಈ ಡಬ್ಬಿ ನಿಮ್ಮಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಈಗಲೂ ಇದ್ದೀತು. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ಒಂದನ್ನು ಕಣಕ್ಕೆ ಕೊಟ್ಟದ್ದು ದೊಡ್ಡ ಮನಸ್ಸೆಂದೇ ಹೇಳಬೇಕು. ಉಳಿದವು ಮದುವೆ, ಕೂಸು, ಜವಳಕ್ಕೆ ಹೋಗುತ್ತಿದ್ದವು. ಈಗಿನ ಮೊಬೈಲಿನಲ್ಲಿ ಒಂದು ಎತ್ತಿನದೇ ಹನ್ನೆರಡು ತೆಗೆಯುತ್ತೇವೆ, ನೋಡುವುದು ಒಂದನ್ನೂ ಇಲ್ಲ.

ಈ ಕ್ಯಾಮರಾದ ಫಿಲ್ಮು ಸುಮಾರು ಆರು ಸೆಂಟಿಮೀಟರಿನ ಚೌಕ. ನಮ್ಮ ಗೋಡೆಯ ಪಟವೋ ನಿಂತ ಉದ್ದನೆಯದು. ಕಟ್ಟು ಬಿಚ್ಚಿ ನೋಡಿದಾಗ ಮೇಲೂ ಕೆಳಗೂ ಫಿಲ್ಮಿನ ಅಂಚಿನ ಕಪ್ಪು ಗೆರೆ ಕಂಡಿತು. ಎಡಬಲಕ್ಕೆ ಗೆರೆ ಇಲ್ಲ. ಅಂದರೆ ಮೇಲೆ ಕೆಳಗೆ ಪೂರ್ತಿ ಬಂದಿದೆ, ಎಡಬಲ ಕತ್ತರಿಸಿದ್ದಾರೆ. ಪಟದ ಕಟ್ಟಿಗೆ ಸರಿಹೊಂದಲೆಂದು ದೊಡ್ಡದು ಮಾಡಿಸುವಾಗ ಎಡಗಡೆ ಬುಟ್ಟಿ ಎತ್ತಿ ಕೊಡುತ್ತಿದ್ದವರನ್ನು ಬಿಟ್ಟು, ಯಜಮಾನ ಮತ್ತು ಎತ್ತುಗಳನ್ನು ಉಳಿಸಿಕೊಂಡಿದ್ದಾರೆ. ಅದನ್ನು ಮಾಡಿದವರು ಸ್ಟುಡಿಯೋದವರೋ ನಮ್ಮ ಮನೆಯವರೋ, ಇಬ್ಬರಿಗೂ ಅದು ತಪ್ಪೆಂದು ಅನಿಸಿರಲಾರದು.

ಇದು ನಮ್ಮ ಮನೆಯ ಸುದ್ದಿ ಮಾತ್ರವಲ್ಲ. ಕ್ಯಾಪ್ಟನ್ ಬಿಗ್ಸ್ ಎಂಬ ಆಂಗ್ಲ ಅಧಿಕಾರಿ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆದ. ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ಫೋಟೋಗಳ ದೊಡ್ಡ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನಮ್ಮ ನೆರೆಯ ಗದಗ, ಲಕ್ಕುಂಡಿಯ ಗುಡಿಗಳು ಅದರಲ್ಲಿವೆ. ಆ ಕಾಲದ ಗುಡಿಯ ಫೋಟೋಗಳಲ್ಲಿ ಕೆಲವು ಕಡೆ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಂಬ ಎಷ್ಟು ಎತ್ತರ ಎಂದು ತಿಳಿಯಲಿ ಎಂದು ಅಳತೆಗೋಲಿನ ಹಾಗೆ ನಿಲ್ಲಿಸಿದ್ದು. ಕಂಬದ ವಿವರ ಪುಟಗಟ್ಟಲೆ ಇರುತ್ತದೆ, ಮನುಷ್ಯನ ಹೆಸರು ಇರುವುದಿಲ್ಲ.

ಸಾಮಾನ್ಯರನ್ನೇ ನಡುವಿಗೆ ತಂದವರೂ ಉಂಟು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಮಕ್ಕಳು, ಕೂಲಿಯವರು, ಬೀದಿಯ ಜನ ತಮ್ಮ ಕೆಲಸದಲ್ಲಿ ಮುಳುಗಿದ್ದಾಗಿನ ಚಿತ್ರಗಳಿಂದಲೇ ಹೆಸರಾದರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳ ಪಕ್ಕ ನಮ್ಮ ಪಟವಿಟ್ಟರೆ ಕೊರತೆ ಏನೆಂದು ತಕ್ಷಣ ಗೊತ್ತಾಗುತ್ತದೆ. ಸೋದರಮಾವ ಇನ್ನರ್ಧ ಗಳಿಗೆ ಸುಮ್ಮನೆ ನಿಂತು, ಅಪ್ಪ ಕ್ಯಾಮರಾ ಮರೆತು ಗಾಳಿಗೆ ಪಕ್ಕೆ ಕೊಟ್ಟ ಮೇಲೆ ಒತ್ತಿದ್ದರೆ ಸಾಕಿತ್ತು. ಆದರೂ ಮೆಚ್ಚಬೇಕಾದುದೂ ಇದೆ. ಬಣವಿ ಹಿಂದೆ ಕಪ್ಪಗಿರುವುದರಿಂದ ಹಾರುವ ಹೊಟ್ಟು ಬಿಳಿಯ ಹೊಗೆಯಂತೆ ಎದ್ದು ಕಾಣುತ್ತದೆ. ಆಕಾಶದ ಎದುರು ತೆಗೆದಿದ್ದರೆ ಹೊಟ್ಟು ಕಾಣುತ್ತಲೇ ಇರಲಿಲ್ಲ. ಅರಿತು ಮಾಡಿದರೋ ಅದೃಷ್ಟವೋ, ಚಿತ್ರದ ಜೀವ ಅಲ್ಲಿದೆ. ಪಕ್ಕದಲ್ಲಿ ಅಚ್ಚಾದ ಚಿತ್ರದಲ್ಲಿ ಇದು ಅಷ್ಟು ಚೆನ್ನಾಗಿ ಬಂದಿರಲಿಕ್ಕಿಲ್ಲ. ಪತ್ರಿಕೆಯ ಕಾಗದದ ಮೇಲೆ ಹೊಟ್ಟೂ ಚುಕ್ಕೆ, ಬಣವಿಯೂ ಚುಕ್ಕೆ.

ನೆಗೆಟಿವ್ ಏನಾಯಿತು?

ಕತ್ತರಿಸಿದ ಭಾಗ ಮೂಲ ನೆಗೆಟಿವ್‌ನಲ್ಲಿ ಇದ್ದೇ ಇರಬೇಕಲ್ಲ ಎಂದು ನೀವು ಕೇಳುವಿರಿ. ಇತ್ತು. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣ ಆಯಿತಲ್ಲ, ಅಂಕೋಲೆ, ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋದದ್ದು? ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿತ್ತು. ಗ್ರಹಣ ನೋಡಬೇಕೆಂದು ಟ್ರಂಕಿನಲ್ಲಿದ್ದ ನೆಗೆಟಿವ್‌ಗಳನ್ನು ಕತ್ತರಿಸಿ, ಎರಡೆರಡು ಜೋಡಿಸಿ ರಟ್ಟಿಗೆ ಅಂಟಿಸಿದವರಲ್ಲಿ ನಾನೂ ಒಬ್ಬ. ಆಮೇಲೆ ಆ ರಟ್ಟು ಎಲ್ಲಿ ಹೋಯಿತೋ. ನೆಗೆಟಿವ್ ಮೂಲಕ ಸೂರ್ಯನನ್ನು ನೋಡುವುದು ಕಣ್ಣಿಗೆ ಅಪಾಯ ಎಂಬುದು ಆಮೇಲೆ ತಿಳಿಯಿತು. ನನ್ನ ಕಣ್ಣು ಉಳಿಯಿತು, ನೆಗೆಟಿವ್ ಉಳಿಯಲಿಲ್ಲ.

ಕೈಯ ಒಡತಿ

ಮೊಬೈಲಿನ ಫೋಟೋ ಊರಲ್ಲಿ ಮನೆಮನೆಗೂ ಹೋಯಿತು. ನಾಲ್ಕನೆಯ ದಿನ ನಮ್ಮ ಓಣಿಯ ಒಬ್ಬ ಅಜ್ಜಿ ಮೊಮ್ಮಗನ ಕೈಹಿಡಿದು ಮನೆಗೆ ಬಂದಳು. ಎಂಬತ್ತು ದಾಟಿದೆ. ನಮ್ಮ ಹೊಲಕ್ಕೆ ಬಹಳ ವರ್ಷ ಕೂಲಿಗೆ ಬಂದವಳು. ಪಟ ಕೇಳಿ ಇಸಿದುಕೊಂಡು, ದೂರ ಹಿಡಿದು ನೋಡಿ ಅಂದಳು: “ತಮ್ಮಾ, ಈ ಕೈ ನಂದ ಐತಿ.”

ಮೊಮ್ಮಗ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಬುಟ್ಟಿಯ ಅಂಚನ್ನು ನಾಲ್ಕು ಬೆರಳು ಬಿಗಿಹಿಡಿದಿವೆ. ಕಿರುಬೆರಳು ಮಾತ್ರ ಮಡಚದೆ ನೆಟ್ಟಗೆ ನಿಂತಿದೆ. ಅಜ್ಜಿ ತನ್ನ ಬಲಗೈ ಚಾಚಿದಳು. ಹುಡುಗಿಯಾಗಿದ್ದಾಗ ಕುಡುಗೋಲು ತಾಗಿ ನರ ಹೋದ ಬೆರಳು. ಅಂದಿನಿಂದ ಮಡಚಿಲ್ಲ.

ನಾನು ಹೊತ್ತಿನ ಲೆಕ್ಕ ಹೇಳಿದೆ. “ಹೌದು, ಇನ್ನಾ ಬುತ್ತಿ ಬಿಚ್ಚಿರಲಿಲ್ಲ” ಅಂದಳು. ಆಮೇಲೆ ಕಾಳಿನ ಗುಂಪಿಯ ಮೇಲೆ ಬೆರಳಿಟ್ಟು ಕೇಳಿದಳು: “ಇದನ್ನ ಏನಂತ ಹೇಳತೀರಿ ನೀವು?”

“ಜ್ವಾಳದ ರಾಶಿ.”

“ಯಾರ ಹೇಳ್ಯಾರ? ಜ್ವಾಳ ಆಗಿದ್ರ ನಿಮ್ಮಪ್ಪನ ಧೋತರದಂಗ ಬೆಳ್ಳಗ ಕಾಣಬೇಕಿತ್ತು. ಇದು ಕಡ್ಲಿ. ಕಡ್ಲಿ ಹುಳಿ ಹತ್ತಿ ನನ್ನ ಕೈ ಉರೀತಿತ್ತು ಆವತ್ತ.”

ಪಟದಲ್ಲಿ ಧೋತರ ಬಿಳಿ, ಗುಂಪಿ ಬೂದು. ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ಇರುವುದಿಲ್ಲ, ಆದರೆ ಯಾವುದು ತಿಳಿ ಯಾವುದು ಗಾಢ ಎಂಬುದು ಇದ್ದೇ ಇರುತ್ತದೆ. ಇಷ್ಟು ಜನ ನೋಡಿದ ಫೋಟೋದಲ್ಲಿ ಅದನ್ನು ಓದಿದವಳು ಅವಳೊಬ್ಬಳೇ. ಕಡಲೆ ಗಿಡದ ಎಲೆಯ ಮೇಲಿನ ಹುಳಿ ಎಷ್ಟು ತೀಕ್ಷ್ಣ ಎಂಬುದು ಗಿಡ ಕಿತ್ತವರಿಗೇ ಗೊತ್ತು. ಈಗ ನಮ್ಮ ಎರೆಭೂಮಿಯಲ್ಲಿ ಕಡಲೆ ಬಹಳ, ರಾಶಿ ಯಂತ್ರದ್ದು. ಆದರೆ ಕೈಯಿಂದ ಕೀಳುವಲ್ಲಿ ಇಂದಿಗೂ ಹೆಣ್ಣುಮಕ್ಕಳು ಬೆಳಗಿನ ಇಬ್ಬನಿಯಲ್ಲಿ ಅದೇ ಹುಳಿಗೆ ಕೈಕೊಡುತ್ತಾರೆ.

ಅವಳ ಹರೆಯದ ಫೋಟೋ ಒಂದೂ ಇಲ್ಲವಂತೆ. ಇರುವುದು ಮತದಾರರ ಗುರುತಿನ ಚೀಟಿಯದು, ಆಧಾರ್ ಕಾರ್ಡಿನದು, ಎರಡೂ ಮುದುಕಿಯಾದ ಮೇಲಿನವು. ನಾನು ಕತ್ತರಿಸಿ ಗ್ರಹಣ ನೋಡಿದ ಆ ಚೌಕದಲ್ಲಿ ಅವಳ ಮುಖ ಇತ್ತು. ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹುಡುಗ್ರು, ಏನ ತಿಳೀತೈತಿ” ಅಂದಳು.

ನಿಮ್ಮ ಮನೆಯ ಪಟಗಳ ಬಗ್ಗೆ

ಹಳೆಯ ಪಟ ನಿಮ್ಮಲ್ಲಿದ್ದರೆ ಮಳೆಗಾಲಕ್ಕೆ ಮೊದಲೇ ಕೆಳಗಿಳಿಸಿ ನೋಡಿರಿ. ಫೋಟೋ ಕಾಗದದ ಮೇಲಿನ ಪದರು ಸರೇಸಿನಂಥ ಜಿಲಾಟಿನ್. ಹಸಿಯಾದರೆ ಗಾಜಿಗೆ ಅಂಟುತ್ತದೆ. ಅಂಟಿದ್ದರೆ ಕೀಳಬೇಡಿರಿ, ಗಾಜಿನ ಸಮೇತ ಇರಲಿ, ಗಾಜಿನ ಮೇಲಿಂದಲೇ ನಕಲು ತೆಗೆಸಿರಿ. ಒದ್ದೆ ಬಟ್ಟೆಯಿಂದ ಒರೆಸುವುದು, ಲ್ಯಾಮಿನೇಶನ್ ಮಾಡಿಸುವುದು ಎರಡೂ ಬೇಡ. ಅಡಿಗೆ ಮನೆಯ ಹೊಗೆ, ನೇರ ಬಿಸಿಲು ಬೀಳುವ ಗೋಡೆ ಬೇಡ. ಹಳದಿಯಾಗಿ ಮಾಸಿದ್ದರೆ ಅದು ಅನೇಕ ವೇಳೆ ಅಂದು ಫೋಟೋ ತೊಳೆಯುವಾಗ ಹೈಪೋ ಪೂರ್ತಿ ಹೋಗಿರದ ದೋಷ, ಮನೆಯಲ್ಲಿ ಸರಿಮಾಡಲು ಬರುವುದಿಲ್ಲ.

ಮೊಬೈಲಿನಲ್ಲಿ ನಕಲು ತೆಗೆಯುವುದಾದರೆ ಕಟ್ಟೆಯ ನೆರಳಿನಲ್ಲಿ ಪಟ ಮಲಗಿಸಿ, ಮೊಬೈಲನ್ನು ಅದಕ್ಕೆ ಸಮನಾಗಿ ಹಿಡಿದು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಅಂಚು ಕತ್ತರಿಸಬೇಡಿರಿ. ಹಿಂಬದಿಯದನ್ನೂ ತೆಗೆಯಿರಿ, ಬರವಣಿಗೆ ಅಲ್ಲಿರುತ್ತದೆ. ನೆಗೆಟಿವ್ ಇದ್ದರೆ ಅಂಚಿನಿಂದ ಹಿಡಿದು ಕಾಗದದ ಲಕೋಟೆಯಲ್ಲಿಡಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ. ಹೆಸರು ಬರೆಯುವುದಾದರೆ ಹಿಂಬದಿಯ ಅಂಚಿನಲ್ಲಿ, ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ. ಬಾಲ್‌ಪೆನ್ನಿನ ಗೀರು ಮುಂದಿನ ಬದಿಗೆ ಮೂಡುತ್ತದೆ.

ಗದಗಿನಲ್ಲಿ ಪಟದ ಎರಡು ಪ್ರತಿ ಮಾಡಿಸಿದೆ. ಒಂದನ್ನು ಅಜ್ಜಿಯ ಮನೆಗೆ ಒಯ್ದಾಗ ಅವಳು ಮೊದಲು ತಿರುಗಿಸಿ ಹಿಂಬದಿ ನೋಡಿದಳು. ಓದಲು ಬರುವುದಿಲ್ಲ, ಮೊಮ್ಮಗನಿಗೆ ಕೊಟ್ಟಳು. ಅಪ್ಪನ ಅಕ್ಷರವನ್ನೂ ಹಾಗೇ ಅಚ್ಚು ಮಾಡಿಸಿದ್ದೆ, ಹುಡುಗ ಎತ್ತುಗಳ ಹೆಸರು ಓದಿದ.

“ಎತ್ತಿನ ಹೆಸರ ಐತಿ, ಚೊಲೋ ಆತು. ಚೊಲೋ ಎತ್ತು ಅವು. ಕೆಳಗ ನಂದೂ ಬರಿ.”

ಪೆನ್ಸಿಲ್ ಜೇಬಿನಲ್ಲೇ ಇತ್ತು. ಅವಳ ಹೆಸರು ಬರೆದು, ಪಕ್ಕದಲ್ಲಿ “ಬಲಗೈ” ಎಂದು ಬರೆದು, ಅದರ ಕೆಳಗೆ ಅವಳು ಹೇಳಿದ ಹಾಗೆಯೇ “ಕಡಲೆ ರಾಶಿ” ಎಂದು ಸೇರಿಸಿದೆ. ಮನೆಗೆ ಬಂದು ನಮ್ಮ ಗೋಡೆಯ ಪಟದ ಹಿಂದೆಯೂ ಅಷ್ಟನ್ನೇ ಬರೆದೆ.