ಯಂತ್ರವಿಲ್ಲದ ಕಾಲಯಾನ

ಪಾತ್ರವೊಂದು ತನ್ನ ಕಾಲ ಬಿಟ್ಟು ಬೇರೊಂದು ಕಾಲಕ್ಕೆ ಹೋಗಿಬರುವ ಕತೆಗೆ ಕಾಲಯಾನದ ಕತೆ ಎನ್ನುತ್ತೇವೆ. ದಿನಬಳಕೆಯ ಬದುಕಿನ ನಡುವೆ ನಡೆಯಲಾಗದ್ದು ನಡೆದು, ಅಲ್ಲಿದ್ದವರು ಅದನ್ನು ಮಳೆ ಬಂದಷ್ಟೇ ಸಹಜವಾಗಿ ಒಪ್ಪಿಕೊಂಡರೆ ಅದು ಮಾಂತ್ರಿಕ ವಾಸ್ತವ. ಮೊದಲನೆಯದಕ್ಕೆ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ದಿ ಟೈಮ್ ಮಷೀನ್', ಎರಡನೆಯದಕ್ಕೆ ಮಾರ್ಕ್ವೆಜ್ 1967ರಲ್ಲಿ ಪ್ರಕಟಿಸಿದ 'ನೂರು ವರ್ಷಗಳ ಏಕಾಂತ' ಎಲ್ಲರೂ ಕೊಡುವ ಉದಾಹರಣೆಗಳು. ವ್ಯಾಖ್ಯೆ ಇಷ್ಟು ಸಾಕು.

ಓದುಗರು ಎಡವುವುದು ಇದರ ಮುಂದೆ. ದೆಹಲಿ ಪಕ್ಕದ ಇಂದಿರಾಪುರಂನ ಕನ್ನಡ ಮನೆಗಳಲ್ಲಿ ಈ ಮಾತು ಬಂದಾಗಲೆಲ್ಲ, ಹ್ಯಾರಿ ಪಾಟರ್ ಓದಿ ಬೆಳೆದ ಮಕ್ಕಳು "ಕನ್ನಡದಲ್ಲಿ ಟೈಮ್ ಟ್ರಾವೆಲ್ ಇದೆಯಾ?" ಎಂದು ಕೇಳುತ್ತಾರೆ. ದೊಡ್ಡವರು "ಅದೆಲ್ಲ ಹೊರಗಿನ ಸರಕು" ಎಂದುಬಿಡುತ್ತಾರೆ. ಯಂತ್ರ ಕಾಣದಿದ್ದರೆ ಕಾಲಯಾನವೇ ಇಲ್ಲ ಎಂಬುದು ಒಂದು ತಪ್ಪು ತಿಳಿವಳಿಕೆ. ಮಾಯೆ ಬಂದಮೇಲೆ ಏನು ಬೇಕಾದರೂ ನಡೆಯಬಹುದು ಎಂಬುದು ಇನ್ನೊಂದು, ಮೊದಲನೆಯದಕ್ಕಿಂತ ಹಟಮಾರಿ.

ಮೊದಲನೆಯ ತಪ್ಪಿಗೆ ಉತ್ತರವಾಗಿ ಭಾಗವತದ ರಾಜ ಕಕುದ್ಮಿಯನ್ನು ನೋಡಿ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆದಿತ್ತು, ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರ ವಂಶದ ಹೆಸರೂ ಉಳಿದಿರಲಿಲ್ಲ. ಕೊನೆಗೆ ಬಲರಾಮನಿಗೆ ಮಗಳನ್ನು ಕೊಟ್ಟ. ಹಳೆಯ ಯುಗದ ಹೆಣ್ಣಾದ್ದರಿಂದ ಅವಳು ತೀರ ಎತ್ತರ; ಬಲರಾಮ ನೇಗಿಲಿನಿಂದ ಅವಳನ್ನು ಗಿಡ್ಡ ಮಾಡಿಕೊಂಡ ಎನ್ನುತ್ತದೆ ವಿಷ್ಣುಪುರಾಣ. ಯುಗ ದಾಟಿದ ಗುರುತು ಮದುವೆಮನೆಯಲ್ಲಿ ಹೆಣ್ಣಿನ ಎತ್ತರವಾಗಿ ಕಾಣಿಸಿತಲ್ಲ, ನನಗೆ ಬಹಳ ಇಷ್ಟವಾದದ್ದು ಅದು.

ಕನ್ನಡದ್ದೇ ಬೇಕೆಂದರೆ 941ಕ್ಕೆ, ಪಂಪನ 'ಆದಿಪುರಾಣ'ಕ್ಕೆ ಹೋಗಬೇಕು. ಇಲ್ಲಿ ಸ್ವಲ್ಪ ನಿಧಾನಿಸೋಣ.

ರಾಜಕುಮಾರಿ ಶ್ರೀಮತಿ ಒಂದು ದಿನ ಆಕಾಶದಲ್ಲಿ ದೇವತೆಗಳ ಸಡಗರ ಕಂಡು ಮೂರ್ಛೆ ಹೋಗುತ್ತಾಳೆ. ಹಿಂದಿನ ಜನ್ಮದಲ್ಲಿ ತಾನು ಸ್ವರ್ಗದ ಸ್ವಯಂಪ್ರಭೆ, ಲಲಿತಾಂಗನ ಪ್ರಿಯೆ ಎಂಬುದು ನೆನಪಾಗಿದೆ. ಇದಕ್ಕೆ ಜೈನರು ಜಾತಿಸ್ಮರಣೆ ಎನ್ನುತ್ತಾರೆ. ಈಗ ಆ ಲಲಿತಾಂಗ ಎಲ್ಲಿ, ಯಾವ ರೂಪದಲ್ಲಿ ಹುಟ್ಟಿದ್ದಾನೆ? ಅವಳು ಆ ಜನ್ಮದ ಬದುಕನ್ನು ಚಿತ್ರವಾಗಿ ಬರೆಯುತ್ತಾಳೆ. ದಾದಿ ಪಂಡಿತೆ ಅದನ್ನು ಬಸದಿಗೆ ಒಯ್ದು ಜನರಿಗೆ ತೋರಿಸುತ್ತಾಳೆ. ವಜ್ರಜಂಘ ಎಂಬ ರಾಜಕುಮಾರ ಅದರಲ್ಲಿ ತನ್ನ ಹಿಂದಿನ ಬದುಕನ್ನೇ ಗುರುತಿಸುತ್ತಾನೆ. ಮದುವೆಯಾಗುತ್ತದೆ.

ಮುಂದೊಂದು ರಾತ್ರಿ ಶಯ್ಯಾಗೃಹದಲ್ಲಿ ಅಗರುಧೂಪ ಹಾಕಿದ ಸೇವಕರು ಹೊಗೆ ಹೋಗಲು ಗವಾಕ್ಷ ತೆರೆಯುವುದನ್ನು ಮರೆಯುತ್ತಾರೆ. ಅಪ್ಪಿ ಮಲಗಿದ್ದ ದಂಪತಿ ಉಸಿರುಗಟ್ಟಿ ಒಟ್ಟಿಗೆ ಸಾಯುತ್ತಾರೆ. ಒಂದು ಜನ್ಮದಿಂದ ಇನ್ನೊಂದಕ್ಕೆ ದಾಟಲು ಪಂಪ ಸಿಡಿಲು, ಶಾಪ ಯಾವುದನ್ನೂ ತರಲಿಲ್ಲ. ಮುಚ್ಚಿದ ಕಿಟಕಿ ಸಾಕಾಯಿತು.

ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಹಲವು ಭವಗಳ ಬಳಿಕ ವಜ್ರಜಂಘ ಮೊದಲ ತೀರ್ಥಂಕರ ವೃಷಭನಾಥನಾಗುತ್ತಾನೆ, ಶ್ರೀಮತಿ ಹಸ್ತಿನಾಪುರದ ರಾಜಕುಮಾರ ಶ್ರೇಯಾಂಸನಾಗುತ್ತಾಳೆ. ಎಲ್ಲವನ್ನೂ ತೊರೆದ ವೃಷಭ ಊರೂರು ತಿರುಗುತ್ತಾನೆ. ಮುನಿಗೆ ಆಹಾರ ಕೊಡುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ರತ್ನ ತರುತ್ತಾರೆ, ಆನೆ ತರುತ್ತಾರೆ, ಅನ್ನ ಕೊಡುವವರಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸ ಅವನನ್ನು ಕಂಡ ಕ್ಷಣ, ತಾನು ಶ್ರೀಮತಿಯಾಗಿದ್ದಾಗ ಗಂಡನೊಡನೆ ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಗುತ್ತದೆ. ಮನೆಯಲ್ಲಿದ್ದ ಕಬ್ಬಿನ ಹಾಲನ್ನು ವಿಧಿಪ್ರಕಾರ ಕೊಡುತ್ತಾನೆ. ಒಂದು ಕಾಲದ ತಿಳಿವಳಿಕೆ ಇನ್ನೊಂದು ಕಾಲದ ಹಸಿವನ್ನು ತಣಿಸಿತು. ಕಾಲಯಾನಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಬಳಕೆ ನಾನು ಎಲ್ಲೂ ಓದಿಲ್ಲ.

ಆ ಹಸ್ತಿನಾಪುರ ಇರುವುದು ಮೀರತ್ ಜಿಲ್ಲೆಯಲ್ಲಿ. ಇಂದಿರಾಪುರಂ ಸೇರಿರುವ ಗಾಜಿಯಾಬಾದ್ ಕೂಡ 1976ರವರೆಗೆ ಮೀರತ್ ಜಿಲ್ಲೆಯ ಭಾಗವೇ ಆಗಿತ್ತು. ಇಂದಿಗೂ ಹಸ್ತಿನಾಪುರದ ಸುತ್ತ ಕಬ್ಬಿನ ಗದ್ದೆ. ಅಕ್ಷಯ ತದಿಗೆಯಂದು ವರ್ಷದ ವ್ರತ ಮುಗಿಸುವ ಜೈನ ಯಾತ್ರಿಕರು ಅಲ್ಲಿ ಕಬ್ಬಿನ ಹಾಲು ಕುಡಿದೇ ಉಪವಾಸ ಬಿಡುತ್ತಾರೆ. ಪಂಪನ ಓದುಗರು ಇಂದಿರಾಪುರಂನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು.

ಯಂತ್ರವಿಲ್ಲದ ಇನ್ನೊಂದು ಕಾಲಯಾನವೂ ಹತ್ತಿರದ್ದೇ. ಇಂದಿರಾಪುರಂನ ಪಕ್ಕದಲ್ಲೇ, ಹೆದ್ದಾರಿಯ ಆಚೆ ಬದಿಗೆ ನೊಯಿಡಾ. ಉರ್ದುವಿನ ದೊಡ್ಡ ಲೇಖಕಿ ಕುರ್ರತುಲೈನ್ ಹೈದರ್ ಕೊನೆಯ ವರ್ಷಗಳನ್ನು ಅಲ್ಲಿ ಕಳೆದು 2007ರಲ್ಲಿ ತೀರಿಕೊಂಡರು. 1959ರಲ್ಲಿ ಬಂದ ಅವರ 'ಆಗ್ ಕಾ ದರಿಯಾ' ಸುಮಾರು ಎರಡೂವರೆ ಸಾವಿರ ವರ್ಷ ಹರಿಯುವ ಕಾದಂಬರಿ. ಗೌತಮ, ಚಂಪಾ, ಕಮಾಲ್ ಎಂಬ ಹೆಸರುಗಳು ಯುಗದಿಂದ ಯುಗಕ್ಕೆ ಮತ್ತೆ ಮತ್ತೆ ಬರುತ್ತವೆ. ಗೌತಮ ನೀಲಾಂಬರ ಸರಯೂ ನದಿಯಲ್ಲಿ ಈಜುತ್ತ ಬಂಡೆಯೊಂದನ್ನು ಹಿಡಿಯಲು ನೋಡುತ್ತಾನೆ. ಯುದ್ಧದಲ್ಲಿ ಬೆರಳು ಕಳೆದುಕೊಂಡ ಕೈಗೆ ಅದು ದಕ್ಕುವುದಿಲ್ಲ, ಅಲೆಗಳು ಅವನ ಮೇಲೆ ಹಾದುಹೋಗುತ್ತವೆ. ಮುಂದೆ ದಡ ಹತ್ತುವವನು ಅಬುಲ್ ಮನ್ಸೂರ್ ಕಮಾಲುದ್ದೀನ್. ನಡುವೆ ಶತಮಾನಗಳೇ ಸರಿದಿವೆ. ಲೇಖಕಿ ವಿವರಣೆಗೆ ನಿಲ್ಲುವುದಿಲ್ಲ.

ಇನ್ನು, ಮಾಯೆ ಬಂದಮೇಲೆ ಏನು ಬೇಕಾದರೂ ನಡೆಯಬಹುದೆಂಬ ಆ ಎರಡನೆಯ ತಪ್ಪು ತಿಳಿವಳಿಕೆ. ಮಾಯೆ ಇರುವ ಕತೆಯಲ್ಲಿ ಕಟ್ಟುಪಾಡು ಹೆಚ್ಚು. ಜಪಾನಿನ ತೊಶಿಕಾಜು ಕವಗುಚಿ 2015ರಲ್ಲಿ ಬರೆದ 'ಬಿಫೋರ್ ದಿ ಕಾಫಿ ಗೆಟ್ಸ್ ಕೋಲ್ಡ್'ನಲ್ಲಿ ಕೆಫೆಯ ಒಂದೇ ಒಂದು ಕುರ್ಚಿಯಿಂದ ಮಾತ್ರ ಹಿಂದಿನ ಕಾಲಕ್ಕೆ ಹೋಗಬಹುದು. ಅದರಲ್ಲಿ ದೆವ್ವ ಕೂತಿರುತ್ತದೆ. ಅದು ಶೌಚಕ್ಕೆ ಎದ್ದಾಗ ಜಾಗ ಹಿಡಿಯಬೇಕು, ಕಾಫಿ ಆರುವುದರೊಳಗೆ ಕುಡಿದು ಮರಳಬೇಕು, ಏನೇ ಮಾಡಿದರೂ ವರ್ತಮಾನ ಬದಲಾಗದು. ಈ ನಿಯಮಗಳನ್ನು ತೆಗೆದರೆ ಕಣ್ಣೀರು ತರಿಸುವ ಆ ಭೇಟಿಗಳಿಗೆ ತೂಕವೇ ಇರುವುದಿಲ್ಲ. ದೇವನೂರ ಮಹಾದೇವರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ 'ಕುಸುಮಬಾಲೆ'ಯಲ್ಲೂ ಹಾಗೇ. ರಾತ್ರಿ ದೀಪಗಳ ಜೋತಮ್ಮಂದಿರು ಸೇರಿ ತಂತಮ್ಮ ಮನೆಯ ಸುದ್ದಿ ಮಾತಾಡುತ್ತಾರೆ. ದೀಪಕ್ಕೆ ಗೊತ್ತಿರುವುದು ತಾನು ಉರಿದ ಮನೆಯ ವಿಷಯ ಮಾತ್ರ. ಊರು ಮುಚ್ಚಿಟ್ಟ ಕೊಲೆಯ ಸುತ್ತ ಕಟ್ಟಿದ ಕಾದಂಬರಿಗೆ ಇಂಥ ಸಾಕ್ಷಿಗಳೇ ಬೇಕಿತ್ತು.

ತೇಜಸ್ವಿಯವರ 'ಕರ್ವಾಲೊ' (1980) ಮಾಯೆಯನ್ನೂ ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಜೇನು, ಮಂದಣ್ಣನೆಂಬ ಹಳ್ಳಿಗನ ಮದುವೆ, ಕಳ್ಳಭಟ್ಟಿ ಕೇಸು, ಬೇಸತ್ತ ಕೃಷಿಕ ಎಂದು ಮೂಡಿಗೆರೆಯ ಕಡೆಯ ಬದುಕಿನಲ್ಲೇ ಓದುಗ ಮುಳುಗಿರುವಾಗ ಹಾರುವ ಓತಿಯ ಸುದ್ದಿ ಬರುತ್ತದೆ. ಅದನ್ನು ಹುಡುಕಿ ಕಾಡಿಗೆ ಹೊರಟವರು ಜೀವವಿಕಾಸದ ಕೋಟ್ಯಂತರ ವರ್ಷಗಳ ಎದುರು ಹೋಗಿ ನಿಲ್ಲುತ್ತಾರೆ. ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೂ ಇದೆ. ಮಂತ್ರವೂ ಇಲ್ಲದೆ ಯಂತ್ರವೂ ಇಲ್ಲದೆ ಕಾಲ ದಾಟಿಸಿದ ಈ ಪುಸ್ತಕವನ್ನು ಕಾಲಯಾನದ ಪಟ್ಟಿಗೆ ಸೇರಿಸಲು ಹಿಂಜರಿಯುವವರೊಡನೆ ನಾನು ಎಷ್ಟು ಹೊತ್ತು ಬೇಕಾದರೂ ವಾದಿಸಬಲ್ಲೆ.

ಜೈನ ಕಾವ್ಯಗಳ ಭವಾವಳಿಯಿಂದ, ಅಂದರೆ ಜನ್ಮಗಳ ಸರಣಿಯಿಂದ, ಇಂದಿನ ಕಾದಂಬರಿಗೆ ಏನೇನು ಹರಿದುಬಂದಿದೆ ಎಂಬುದನ್ನು ಯಾರಾದರೂ ಕೂತು ಬಿಡಿಸಿ ನೋಡಬೇಕು. 1209ರ ಜನ್ನನ 'ಯಶೋಧರ ಚರಿತೆ'ಯಲ್ಲಿ ರಾಜ ನವಿಲಾಗಿ, ಅವನ ತಾಯಿ ನಾಯಿಯಾಗಿ ತಮ್ಮದೇ ಅರಮನೆಗೆ ಮರಳುತ್ತಾರೆ; ಆಗ ಪಟ್ಟದಲ್ಲಿರುವವನು ಆ ರಾಜನ ಮಗ. ಆ ಪ್ರಸಂಗವನ್ನೂ 'ಕುಸುಮಬಾಲೆ'ಯ ಜೋತಮ್ಮಂದಿರನ್ನೂ ಅಕ್ಕಪಕ್ಕ ಇಟ್ಟು ಓದುವ ಕೆಲಸವನ್ನು ದೆಹಲಿಯ ಸುತ್ತಲಿನ ಕನ್ನಡ ಓದುಬಳಗವೇ ಆರಂಭಿಸಬಹುದು. ಹಳಗನ್ನಡ ಕಷ್ಟವೆನಿಸಿದರೆ 'ಆದಿಪುರಾಣ'ದ ಗದ್ಯಾನುವಾದ ಹಿಡಿಯಿರಿ, ಮೊದಲು ಶ್ರೀಮತಿಯ ಚಿತ್ರಪಟದ ಭಾಗ ಓದಿ, ಆಮೇಲೆ ಶ್ರೇಯಾಂಸನ ದಾನಕ್ಕೆ ಬನ್ನಿ.