ಬಣ್ಣಕ್ಕೂ ಮೊದಲೇ ಹೋಳಿನಲ್ಲಿರುವ ಚಿತ್ತಾರ

ತುಮಕೂರಿನ ಸಾಮಿಲ್‌ಗಳಿಗೆ ಬರುವ ಹಲಸು, ಹುಣಸೆ, ಜಾಲಿಗಳಲ್ಲಿ ಉದ್ದನೆಯ ದಿಮ್ಮಿ ಬಾಗಿಲು, ತೊಲೆಗಳ ಪಾಲಾಗುತ್ತದೆ. ಗೇಣುದ್ದದ ತುಂಡು ಒಲೆಗೆ ಹೋಗುತ್ತದೆ. ಆ ತುಂಡನ್ನೇ ನೆಚ್ಚಿಕೊಂಡ ಕಸುಬೊಂದಿದೆ: ಹೋಳು ಜೋಡಿಸಿ ಕಡೆಯುವ ಮರಗೆಲಸ. ಒಂದೇ ಮರದ ತುಂಡನ್ನು ಲೇತಿಗೆ ಏರಿಸುವ ಬದಲು ಸಣ್ಣ ಹೋಳುಗಳನ್ನು ಓರೆಯಾಗಿ ಕೊಯ್ದು, ಅಂಟಿಸಿ, ಬಳೆ ಮಾಡುತ್ತಾರೆ. ಇಟ್ಟಿಗೆ ಗೋಡೆಯಲ್ಲಿ ಹೇಗೋ ಹಾಗೆ ಕೆಳಗಿನ ಸಂದು ಮೇಲಿನ ಸಂದಿನ ನೇರಕ್ಕೆ ಬಾರದಂತೆ ಬಳೆಯ ಮೇಲೆ ಬಳೆ ಕೂರಿಸಿ, ಆಮೇಲೆ ಉಳಿ ಹಿಡಿಯುತ್ತಾರೆ. 12 ಹೋಳಿನ ಬಳೆಗೆ ಪ್ರತಿ ತುದಿಯನ್ನೂ 15 ಡಿಗ್ರಿ ಓರೆಗೆ ಕೊಯ್ಯಬೇಕು. ತುದಿಗಳು ಒಟ್ಟು 24, ಒಂದೊಂದರಲ್ಲೂ 0.1 ಡಿಗ್ರಿ ಒಂದೇ ಕಡೆಗೆ ತಪ್ಪಿದರೆ ಕೊನೆಯ ಸಂದು 2.4 ಡಿಗ್ರಿಯಷ್ಟು ಬಾಯಿ ಬಿಡುತ್ತದೆ. ಇಷ್ಟು ಕಟ್ಟುನಿಟ್ಟಾಗಿ ಕೂಡಿಸಿದ ಪಾತ್ರೆಗೆ ಬರೀ ಮೆರುಗು ಕೊಟ್ಟು ಬಿಡಬೇಕೆ, ಅಥವಾ ಅದರ ಮೈಯನ್ನು ಕೆತ್ತಿ, ಸುಟ್ಟು, ಬಣ್ಣ ಹಚ್ಚಿ ನೋಡಬೇಕೆ ಎಂಬುದು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ.

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕುಣಿಗಲ್ಲಿನ ದಕ್ಷಿಣಕ್ಕೆ ಚನ್ನಪಟ್ಟಣವಿದೆ. ಅಲ್ಲಿಯವರು ನೆಚ್ಚಿದ ಹಾಲೆ ಮರ ಬೆಳ್ಳಗೆ, ನುಣುಪಾಗಿ, ಎಳೆ ಎದ್ದು ಕಾಣದಂತಿರುತ್ತದೆ. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಮರ ತನ್ನ ಗುರುತು ತೋರದಿರುವುದೇ ಆ ಕಲೆಗೆ ಬೇಕಾದ ಗುಣ. ಹೋಳು ಜೋಡಣೆಯಲ್ಲಿ ಮಾತು ತಿರುಗುಮುರುಗಾಗುತ್ತದೆ. ಇಲ್ಲಿ ಪ್ರತಿ ಹೋಳಿಗೂ ಬೇರೆ ಬಣ್ಣ, ಬೇರೆ ಗಡಸು, ಬೇರೆ ರಸ. ಗಟ್ಟಿ ಬಣ್ಣದ ಅರಗು ಬಳಿದರೆ ಇಷ್ಟು ಹೊತ್ತು ಕೂಡಿಸಿದ್ದೆಲ್ಲ ಮುಚ್ಚಿಹೋಗುತ್ತದೆ. ಹಾಗೆಂದು ಬರೀ ಎಣ್ಣೆ ಒರೆಸಿ ಕೈ ಕಟ್ಟಿ ಕೂರುವುದೂ ಸರಿಯಲ್ಲ. ಮೈಮೇಲಿನ ಕೆಲಸ ಹೋಳುಗಳ ನಡುವೆ ಆಗಲೇ ಇರುವ ವ್ಯತ್ಯಾಸವನ್ನು ಹೊರಗೆಳೆಯಬೇಕು. ಅದನ್ನು ಬಳೆ ಅಂಟಿಸುವ ಮೊದಲೇ ಯೋಚಿಸಿರಬೇಕು ಎಂಬುದು ನನ್ನ ವಾದ.

ಕಪ್ಪು ಬಣ್ಣವನ್ನೇ ನೋಡೋಣ. ಕಬ್ಬಿಣದ ಚೂರು ನೆನೆಸಿಟ್ಟ ವಿನೆಗರ್ ಒಗರಿನಂಶವಿರುವ ಮರಕ್ಕೆ ತಾಗಿದರೆ ಮರ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಅಣಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಬೆಲ್ಲ ಮತ್ತು ಕಬ್ಬಿಣದ ನೀರಿನಿಂದ ಕಪ್ಪು ಗೆರೆ ಎಳೆಯುವುದು ಇದೇ ಗುಣದಿಂದ. ಈಗ ಒಂದೇ ಬಳೆಯಲ್ಲಿ ಕರಿಜಾಲಿಯ ಚೇಗನ್ನೂ ಹಾಲೆ ಮರವನ್ನೂ ಒಂದು ಬಿಟ್ಟು ಒಂದರಂತೆ ಕೂರಿಸಿ, ಇಡೀ ಪಾತ್ರೆಗೆ ಆ ಕಬ್ಬಿಣದ ವಿನೆಗರನ್ನು ಒಂದೇ ಸಮ ಹಚ್ಚಿದರೆ ಒಗರಿರುವುದು ಕಪ್ಪಾಗುತ್ತದೆ, ಇಲ್ಲದ್ದು ಹೆಚ್ಚುಕಡಿಮೆ ತನ್ನ ಬಣ್ಣದಲ್ಲೇ ಉಳಿಯುತ್ತದೆ. ಕುಂಚ ಯಾವ ಗೆರೆಯನ್ನೂ ಎಳೆಯಲಿಲ್ಲ, ಆದರೂ ಅಂಚು ಕೂದಲೆಳೆಯಷ್ಟು ಸ್ಪಷ್ಟ. ಒಂದು ಎಚ್ಚರಿಕೆ ಬೇಕು: ಸಂದಿನಿಂದ ಒಸರಿದ ಅಂಟನ್ನು ಪೂರ್ತಿ ಹೆರೆಯದಿದ್ದರೆ ಆ ಜಾಗ ಬಣ್ಣ ಹೀರದೆ ಬಿಳಿ ಮಚ್ಚೆಯಾಗಿ ನಿಲ್ಲುತ್ತದೆ. ಗುಬ್ಬಿ ಸೀಮೆಯ ತೆಂಗಿನ ಮರದ ಕಥೆ ಇದಕ್ಕಿಂತ ಸೊಗಸು. ತೆಂಗಿನ ಕಾಂಡದಲ್ಲಿ ವರ್ಷದ ಉಂಗುರಗಳಿಲ್ಲ. ಮೆತ್ತನೆಯ ತಿರುಳಿನಲ್ಲಿ ಗಡಸಾದ ಕಪ್ಪು ನಾರುಗಳು ಉದ್ದಕ್ಕೆ ಹರಿದಿರುತ್ತವೆ, ಹೊರಸುತ್ತಿನಲ್ಲಿ ಒತ್ತಾಗಿ, ಒಳಗೆ ವಿರಳವಾಗಿ. ಅಡ್ಡ ಕೊಯ್ದರೆ ಚುಕ್ಕಿ, ಉದ್ದಕ್ಕೆ ಸೀಳಿದರೆ ಗೆರೆ. ತಂತಿ ಬ್ರಷ್ಷಿನಿಂದ ಉಜ್ಜಿದಾಗ ತಿರುಳು ಸವೆದು ನಾರು ಎದ್ದು ನಿಲ್ಲುವುದರಿಂದ ಆ ಗೆರೆ ಬೆರಳಿಗೂ ಸಿಗುತ್ತದೆ. ಪಕ್ಕದ ಹಲಸಿನ ಹೋಳು ಅದೇ ಬ್ರಷ್ಷಿಗೆ ಅಷ್ಟಾಗಿ ಬಗ್ಗದೆ ಹೆಚ್ಚು ನಯವಾಗಿಯೇ ಉಳಿಯುತ್ತದೆ.

ಮರದ ಸಹಜ ಬಣ್ಣವೇ ಸಾಕು, ಸುಡುವುದು ಕೆರೆಯುವುದು ಯಾಕೆ ಎನ್ನುವವರಿದ್ದಾರೆ. ಅವರ ಪ್ರೀತಿ ನನಗೂ ಇದೆ. ಆದರೆ ಸಹಜ ಬಣ್ಣ ನಿಲ್ಲುವಂಥದ್ದಲ್ಲ. ಈಗಷ್ಟೇ ಕೊಯ್ದ ಹಲಸು ಅರಿಸಿನದ ಹಳದಿ; ಬೆಳಕು ಬಿದ್ದಂತೆಲ್ಲ ಕಂದಾಗುತ್ತದೆ. ಹುಣಸೆಯ ಕಡುಗಂದು ಚೇಗಿನ ಪಕ್ಕದಲ್ಲಿ ಅದನ್ನು ಇಟ್ಟು ಹೆಣೆದ ಚಿತ್ತಾರ ಕೆಲವು ವರ್ಷಗಳಲ್ಲಿ ಮೊದಲಿನಷ್ಟು ಎದ್ದು ಕಾಣುವುದಿಲ್ಲ. ಉಬ್ಬು, ತಗ್ಗು, ಗೀರು ಹಾಗಲ್ಲ, ಬೆಳಕಿಗೆ ಮಾಸುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಒಂದೇ ಮರದ ತಟ್ಟೆಯ ಮೇಲೆ ಸಾಲು ಸಾಲು ಉಬ್ಬು ಕಡೆದು, ಸುಟ್ಟ ಗೆರೆ ಎಳೆದು, ಶಾಯಿ ತುಂಬಿ ಬೆತ್ತದ ಬುಟ್ಟಿಯೇ ಎನಿಸುವಂತೆ ಮಾಡುವವರು ಅಮೆರಿಕದಲ್ಲಿದ್ದಾರೆ, ಹೋಳಿನ ತಾಪತ್ರಯವೇ ಇಲ್ಲದೆ ಚಿತ್ತಾರ ಸಿಗುವಾಗ ಇಷ್ಟು ಸಂದು ಯಾಕೆ? ಅದು ಅಪಾರ ಸಹನೆಯ ಕೆಲಸ, ನಿಜ. ಆದರೆ ಅಲ್ಲಿ ಚಿತ್ರವಿರುವುದು ಹೊರಪದರದಲ್ಲಿ ಮಾತ್ರ, ಒಳಮೈ ಬೇರೆಯೇ. ಹೋಳಿನ ಪಾತ್ರೆಯಲ್ಲಿ ಹೊರಗಿನ ವಿನ್ಯಾಸ ಗೋಡೆಯನ್ನು ಹಾಯ್ದು ಒಳಗೂ ಕಾಣುತ್ತದೆ. ಹೊರಗೆ ತಂತಿ ಬ್ರಷ್ಷಿನ ಒರಟು, ಒಳಗೆ ನುಣುಪು ಇಟ್ಟರೆ ಒಂದೇ ವಿನ್ಯಾಸ ಎರಡು ರೀತಿ ಓದಿಸಿಕೊಳ್ಳುತ್ತದೆ.

ಬಾಳಿಕೆಯ ಅನುಮಾನಕ್ಕೂ ಆಧಾರವಿದೆ. ಮರ ತೇವಕ್ಕೆ ಉಬ್ಬುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಉಬ್ಬುವುದು ತೀರ ಕಡಿಮೆ. ಬಳೆಯಲ್ಲಿ ಎಳೆ ಸುತ್ತ ಹರಿದಿರುವುದರಿಂದ ಸುತ್ತಳತೆ ಹೆಚ್ಚು ಬದಲಾಗದು. ತಳಕ್ಕೆ ಅಗಲವಾದ ಒಂದೇ ಹಲಗೆ ಕೂರಿಸಿ ನಾಲ್ಕೂ ಸುತ್ತ ಅಂಟಿಸಿದರೆ ಮಾತ್ರ ಕಷ್ಟ; ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುವ ಹಲಗೆ ಬಳೆಯನ್ನೇ ಸೀಳುತ್ತದೆ. ಅದಕ್ಕೇ ತಳವನ್ನು ಕೊರೆದ ತೋಡಿನಲ್ಲಿ ಸಡಿಲವಾಗಿ ಕೂರಿಸುವುದು ಅಥವಾ ಅಗಲ ಕಡಿಮೆ ಇಡುವುದು ರೂಢಿ. ಕೆತ್ತನೆಯನ್ನೂ ಈ ಲೆಕ್ಕದಲ್ಲೇ ನೋಡಬೇಕು: ಆಳವಾದ ಗೀರು ಸಂದಿನ ಮೇಲೆಯೇ ಬಿದ್ದರೆ ಅಂಟು ಹಿಡಿದಿರುವ ಜಾಗ ಅಷ್ಟು ಕಡಿಮೆಯಾಗುತ್ತದೆ, ಹೋಳಿನ ನಡುವೆ ಬಿದ್ದರೆ ಅಪಾಯವಿಲ್ಲ. ಮೇಲೆ ಕೊಡುವ ಮೆರುಗಿಗೆ ಚನ್ನಪಟ್ಟಣದ ಅರಗನ್ನೇ ಬಣ್ಣ ಬೆರೆಸದೆ ಬಳಸಬಹುದು. ಬಿಸಿ ತಗುಲಿದರೆ ಮೆತ್ತಗಾಗುವ ಅದು ಕುಂಕುಮದ ಭರಣಿ, ಹೂದಾನಿಗೆ ಹೊಂದುತ್ತದೆ, ಸಾರಿನ ಬಟ್ಟಲಿಗಲ್ಲ.